ಕಿರುಬೆರಳಿನ ಅಚ್ಚು

ವಿಲೆ ಪಾರ್ಲೆ, ಮುಂಬಯಿ
12 ಜುಲೈ 2025

ಶ್ರೀ ಚೆನ್ನಯ ಅವರಿಗೆ ನಮಸ್ಕಾರಗಳು.

ನಾನು ಗುಲಾಫಶಾ. ನಿಮ್ಮ ಮಗಳು ಯಕ್ಷಿತಾಳಿಗೆ ಏಳನೇ ತರಗತಿಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯಿಂದ ಕಾಗದ ಬಂತೆಂದು ಗಾಬರಿಯಾಗಬೇಡಿ, ನಿಮ್ಮ ಮಗಳು ಗಾಜು ಒಡೆದಿಲ್ಲ. ನಿಮಗೆ ಕಿವಿ ಕೇಳಿಸುವುದಿಲ್ಲವೆಂದು ಅವಳನ್ನು ಈಗ ನೋಡಿಕೊಳ್ಳುತ್ತಿರುವ ನಿಮ್ಮ ತಂಗಿ ಮೋಹಿನಿಯವರು ಹೇಳಿದರು. ಅವರ ಫೋನಿನಲ್ಲಿ ಬರೆದು ಕಳಿಸೋಣವೆಂದರೆ ಫೋನು ಸದಾ ಯಕ್ಷಿತಾಳ ಕೈಯಲ್ಲಿ. ಅವಳಿಗೆ ತಿಳಿಯದಂತೆ ನಿಮಗೊಂದು ಉಡುಗೊರೆ ಕಳಿಸಬೇಕಿತ್ತು, ಅದಕ್ಕೇ ಈ ಕಾಗದ.

ಈ ತಿಂಗಳು ನಾವು ಪಳೆಯುಳಿಕೆಗಳ ಪಾಠ ಮಾಡುತ್ತಿದ್ದೇವೆ. ತರಗತಿಯಲ್ಲಿ ಇರುವುದೇ ಒಂಬತ್ತು ಮಕ್ಕಳು. ಪುಸ್ತಕದ ಚಿತ್ರ ತೋರಿಸಿ ಮುಗಿಸಿಬಿಡಬಹುದಿತ್ತು, ಆದರೆ ಕೈ ಕೆಸರಾಗದೆ ಈ ಪಾಠ ತಲೆಗೆ ಹತ್ತುವುದಿಲ್ಲ. ಗಣಪತಿ ಮಾಡುವ ಕಾರ್ಖಾನೆಯಿಂದ ಶಾಡು ಮಣ್ಣನ್ನೂ ಪ್ಲಾಸ್ಟರನ್ನೂ ಬೇಡಿ ತಂದೆ. ಮನೆಯಿಂದ ಒಂದು ಹಳೆಯ ವಸ್ತು ತನ್ನಿ, ಮಣ್ಣಿನಲ್ಲಿ ಒತ್ತಿ, ಪ್ಲಾಸ್ಟರ್ ಹುಯ್ದು ಅಚ್ಚು ತೆಗೆಯೋಣ ಎಂದೆ. ಮಕ್ಕಳು ಚಿಪ್ಪು, ಬೀಗದ ಕೈ, ಅಜ್ಜಿಯ ಅಡಕತ್ತರಿ ತಂದರು. ಯಕ್ಷಿತಾ ಬರಿಗೈಯಲ್ಲಿ ಬಂದಿದ್ದಳು. ‘ನಮ್ಮ ಮನೆಯ ಹಳೇ ವಸ್ತು ಎಂತದೂ ಇಲ್ಲ ಟೀಚರ್, ಎಲ್ಲ ಬಿಲ್ಡಿಂಗಿನ ಒಟ್ಟಿಗೆ ಹೋಯ್ತು’ ಅಂದಳು. ಗ್ರಾಂಟ್ ರೋಡಿನಲ್ಲಿ ನಿಮ್ಮ ಚಾಳ್ ಕುಸಿದ ವಿಷಯ ನನಗೆ ಗೊತ್ತಿತ್ತು. ಆದರೂ ಯೋಚಿಸದೆ ಹಳೆಯ ವಸ್ತು ಕೇಳಿದ್ದೆ. ನಾಚಿಕೆಯಾಯಿತು. ನಾನೇನಾದರೂ ಹೇಳುವಷ್ಟರಲ್ಲಿ ಅವಳು ಚಪ್ಪಲಿ ಬಿಟ್ಟು ಬಲಗಾಲನ್ನು ಮಣ್ಣಿನ ಮೇಲೆ ಊರಿಬಿಟ್ಟಿದ್ದಳು.

ಒಂಬತ್ತು ಅಚ್ಚುಗಳಲ್ಲಿ ಅದೇ ಚೆನ್ನಾಗಿ ಬಂದಿದೆ. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿರುವುದೂ ಕಾಣುತ್ತದೆ. ಹತ್ತಿಯಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ. ದೂರದಲ್ಲಿರುವ ತಂದೆಗೆ ಖುಷಿಯಾಗಲಿ ಎಂದು.

ಇನ್ನೊಂದು ಮಾತು. ಜೂನಿನಲ್ಲಿ ಈ ಹುಡುಗಿ ಹಾಜರಿ ಕೂಗಿದರೂ ‘ಎಸ್ ಟೀಚರ್’ ಎನ್ನುತ್ತಿರಲಿಲ್ಲ, ಕೈ ಎತ್ತುತ್ತಿದ್ದಳು. ಈಗ ಪ್ರಶ್ನೆಯ ಮೇಲೆ ಪ್ರಶ್ನೆ. ಬಾಯಿ ಬಿಡಿಸಿದ್ದು ನಾನಲ್ಲ, ಒಂದು ಮೀನು. ಸೀಲಕಾಂತ್ ಎಂಬ ಮೀನಿನ ಕುರುಹು ಆರೂವರೆ ಕೋಟಿ ವರ್ಷಗಳಿಂದ ಈಚೆಗಿನ ಯಾವ ಬಂಡೆಯಲ್ಲೂ ಸಿಕ್ಕಿರಲಿಲ್ಲ. ಆ ಕುಲವೇ ನಾಶವಾಯಿತೆಂದು ಎಲ್ಲರೂ ತೀರ್ಮಾನಿಸಿದ್ದರು. ಸುಮಾರು ತೊಂಬತ್ತು ವರ್ಷದ ಹಿಂದೆ ಆಫ್ರಿಕದ ಮೀನುಗಾರರ ಬಲೆಗೆ ಜೀವಂತವಾಗಿ ಬಿತ್ತು! ಹಾಜರಿ ಪುಸ್ತಕದ ನಡುವಿನ ಹಾಳೆ ಹರಿದುಹೋದರೆ ಆ ದಿನ ಶಾಲೆಯೇ ಇರಲಿಲ್ಲ ಎನ್ನಲಾದೀತೇ? ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಬಾರದು. ಇದನ್ನು ಹೇಳಿದ ದಿನ ಯಕ್ಷಿತಾ ಮೊದಲ ಸಲ ಎದ್ದು ನಿಂತು ‘ಇನ್ನೊಮ್ಮೆ ಹೇಳಿ ಟೀಚರ್’ ಎಂದಳು. ನನಗೆ ಕಣ್ಣು ತುಂಬಿ ಬಂತು.

ತಮ್ಮ ವಿಶ್ವಾಸಿ,
ಗುಲಾಫಶಾ


ಪಡುಬಿದ್ರಿ
21 ಜುಲೈ 2025

ಟೀಚರಿಗೆ ನಮಸ್ಕಾರ.

ಪಾರ್ಸೆಲ್ ಬಂತು. ಒಡೆದಿಲ್ಲ. ನಿಮ್ಮ ಶ್ರಮಕ್ಕೆ ಉಪಕಾರವಾಯಿತು.

ಒಂದು ವಿನಂತಿ. ಆ ಮೀನಿನ ಪಾಠ ಇನ್ನು ಮುಂದೆ ಬೇಡ. ನೆಲ ಅಗೆದು ಹುಡುಕುವ ವಿಷಯವೂ ಬೇಡ. ಪರೀಕ್ಷೆಗೆ ಬೇಕಾದಷ್ಟು ಮಾತ್ರ ಕಲಿಸಿದರೆ ಸಾಕು. ಇಂಥ ಅಚ್ಚುಗಳನ್ನು ದಯವಿಟ್ಟು ಮತ್ತೆ ಕಳಿಸಬೇಡಿ.

ಇತಿ,
ಚೆನ್ನಯ


ವಿಲೆ ಪಾರ್ಲೆ
31 ಜುಲೈ 2025

ಶ್ರೀ ಚೆನ್ನಯ ಅವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ, ಎರಡನೆಯ ಸಲ ಸಿಟ್ಟು ಹೆಚ್ಚಾಯಿತು. ಪಳೆಯುಳಿಕೆ ಪಾಠ ನಾನು ಮನೆಯಿಂದ ತಂದ ಸರಕಲ್ಲ. ಕೋಟಿ ವರ್ಷದ ಮಾತು ಕೆಲವು ಪಾಲಕರಿಗೆ ಹಿಡಿಸುವುದಿಲ್ಲ, ನನಗೆ ಗೊತ್ತು. ಅದನ್ನು ಗುಲಾಫಶಾ ಎಂಬ ಹೆಸರಿನವಳು ಹೇಳಿದರೆ ಇನ್ನಷ್ಟು ಹಿಡಿಸುವುದಿಲ್ಲ, ಅದೂ ಗೊತ್ತು. ಹನ್ನೊಂದು ವರ್ಷದಿಂದ ಈ ಊರಿನಲ್ಲಿ ಕನ್ನಡದಲ್ಲೇ ಪಾಠ ಮಾಡುತ್ತಿದ್ದೇನೆ. ‘ಗುಲಾಫಶಾನಾ? ಹಾಗಾದರೆ ಕನ್ನಡ ಹೇಗೆ ಬರುತ್ತದೆ?’ ಎಂದು ಇಳಕಲ್ಲಿನಲ್ಲಿ ಹುಟ್ಟಿ ಬೆಳೆದ ನನ್ನನ್ನು ಕೇಳಿದ ಮಹಾನುಭಾವರನ್ನೂ ನೋಡಿದ್ದೇನೆ. ನಿಮಗೆ ನನ್ನ ಹೆಸರು ತೊಂದರೆಯಾಗಿದ್ದರೆ ನೇರವಾಗಿ ಬರೆಯಿರಿ, ಪಾಪದ ಮೀನಿನ ಮೇಲೆ ಹಾಕಬೇಡಿ.

ನೀವು ತಿಳಿಯಲೇಬೇಕಾದ ಇನ್ನೊಂದು ಸಂಗತಿ ಇದೆ. ಮೊನ್ನೆ ಆಟಿ ಅಮಾವಾಸ್ಯೆಯ ಮರುದಿನ ಮೋಹಿನಿಯವರು ಶಾಲೆಗೆ ಬಂದು ಅತ್ತರು. ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಪದ್ಧತಿ ನಿಮ್ಮಲ್ಲಿ ಇದೆಯಂತೆ. ಯಕ್ಷಿತಾಳ ತಾಯಿಯ ಹೆಸರಿನಲ್ಲೂ ಒಂದು ಎಲೆ ಹಾಕಿದ್ದರಂತೆ. ‘ಎಂತ ಹೇಳುದು ಟೀಚರ್, ಹುಡುಗಿ ಬಂದು ವಾರಿಜಕ್ಕನ ಎಲೆ ಎತ್ತಿ ಮಡಚಿಟ್ಟಳು. ಜೀವ ಇರುವವರಿಗೆ ಎಲೆ ಹಾಕಿದ್ರೆ ಆಯುಷ್ಯ ಕಮ್ಮಿ ಆಗ್ತದೆ ಅಂತೆ. ಅಮ್ಮ ಸಿಗ್ಲಿಲ್ಲ, ಸತ್ತಿದ್ದಾಳೆ ಅಂತ ಯಾರು ಹೇಳಿದ್ದು ಅಂತ ನನ್ನನ್ನೇ ಕೇಳಿದ್ಳು’ ಎಂದರು.

ಮಗು ನನ್ನ ಪಾಠವನ್ನು ಎಲ್ಲಿಗೆ ಒಯ್ದಿದೆ ಎಂದು ಆಗ ತಿಳಿಯಿತು. ಆದರೂ ಕೇಳುತ್ತೇನೆ: ದೇಹ ಸಿಗದ ತಾಯಿ ಬದುಕಿರಬಹುದೆಂದು ಮಗಳು ಅಂದುಕೊಂಡರೆ ಅದನ್ನು ಕಿತ್ತುಕೊಳ್ಳಲು ನಾನು ಯಾರು, ನೀವು ಯಾರು?

ಗುಲಾಫಶಾ


ಪಡುಬಿದ್ರಿ
11 ಆಗಸ್ಟ್ 2025

ಗುಲಾಫಶಾ ಟೀಚರಿಗೆ,

ನಿಮ್ಮ ಹೆಸರಿನ ಮೇಲೆ ನನಗೆ ಎಂಥ ತಕರಾರೂ ಇಲ್ಲ. ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದೋಸೆ ಹುಯ್ದವನು ನಾನು, ಕಾವಲಿಯ ಮುಂದೆ ನಿಂತವನಿಗೆ ಹಸಿದವರು ಮಾತ್ರ ಕಾಣುತ್ತಾರೆ. ನಿಮ್ಮ ಮನಸ್ಸು ನೋಯಿಸಿದ್ದಕ್ಕೆ ಕ್ಷಮಿಸಿ. ಅಷ್ಟು ಗಿಡ್ಡ ಕಾಗದ ಬರೆಯಬಾರದಿತ್ತು. ಉದ್ದ ಬರೆದ ಎರಡು ಹಾಳೆ ಹರಿದು ಹಾಕಿದ್ದೆ.

ವಾರಿಜ ಸಿಕ್ಕಿದ್ದಳು, ಟೀಚರ್.

ಕಳೆದ ವರ್ಷದ ಆ ದಿನ ನಾನು ಡ್ಯೂಟಿ ಮುಗಿಸಿ ಬಂದು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಗೋಡೆ ಬಿದ್ದದ್ದೇ ನಾನು ಕೇಳಿದ ಕೊನೆಯ ಸದ್ದು. ನನ್ನನ್ನು ಹೊರಗೆ ಎಸೆಯಿತು, ಅವಳು ಒಳಗೆ ಅಡುಗೆಮನೆಯಲ್ಲಿದ್ದಳು. ಯಕ್ಷಿತಾ ಶಾಲೆಯಲ್ಲಿದ್ದಳು, ದೇವರ ದಯೆ. ಮೂರನೇ ದಿನ ಆಸ್ಪತ್ರೆಗೆ ಕರೆದು ತೋರಿಸಿದರು. ಬಟ್ಟೆ ಮುಚ್ಚಿದ್ದರು. ಮೇಲಿನಿಂದ ಸರಿಸಲು ಹೋದ ನನ್ನ ಕೈಯನ್ನು ಅಲ್ಲಿಯ ಮನುಷ್ಯ ಹಿಡಿದುಕೊಂಡು, ಬೇಡವೆಂದು ತಲೆಯಾಡಿಸಿ, ಕಾಲಿನ ಕಡೆಯಿಂದ ಸರಿಸಿದ. ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು. ಮದುವೆಯ ದಿನ ಕಾಲುಂಗುರ ತೊಡಿಸುವಾಗ ಅದನ್ನು ನೋಡಿ ನಾನು ನಕ್ಕಿದ್ದೆ. ಹುಟ್ಟಿದ ಮಗುವಿಗೂ ಅದೇ ಬೆರಳು ನೋಡಿ ಇಬ್ಬರೂ ನಕ್ಕಿದ್ದೆವು. ಆ ಬೆರಳು ನೋಡಿ ಹೌದು ಅಂದೆ. ನೀವು ಹತ್ತಿಯಲ್ಲಿ ಸುತ್ತಿ ಕಳಿಸಿದ್ದು ಅದೇ ಕಾಲು. ಬಿಳಿ ಬಟ್ಟೆಯಿಂದ ಹೊರಗೆ ಬಂದ ಹಾಗೆಯೇ ಹತ್ತಿಯಿಂದ ಹೊರಗೆ ಬಂತು.

ತಂಗಿಯ ಗಂಡನೂ ನಾನೂ ಸೇರಿ ಅಲ್ಲಿಯೇ ದಹನ ಮಾಡಿದೆವು. ಮೋಹಿನಿಯ ಮನೆಗೆ ಬಂದರೆ ಯಕ್ಷಿತಾ ಬಾಗಿಲಲ್ಲೇ ನಿಂತಿದ್ದಳು. ‘ಅಮ್ಮ ಸಿಕ್ಕಿದ್ಳಾ? ನನಗೆ ಮುಖ ತೋರಿಸಿ’ ಎಂದು ಪಾಟಿಯ ಮೇಲೆ ಬರೆದು ಹಿಡಿದಳು. ತೋರಿಸಲು ಮುಖ ಇರಲಿಲ್ಲ ಎಂದು ಹನ್ನೊಂದು ವರ್ಷದ ಮಗುವಿಗೆ ಹೇಗೆ ಹೇಳಲಿ? ‘ಸಿಗಲಿಲ್ಲ ಮಗಾ’ ಅಂದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಯಿತು ಅಂದುಕೊಂಡೆ. ಸಿಗಲಿಲ್ಲ ಎಂದರೆ ಸತ್ತಳು ಎಂದೇ ಅವಳು ತಿಳಿಯುತ್ತಾಳೆ, ನೋಡುವ ಹಠ ಮಾತ್ರ ಬಿಡುತ್ತಾಳೆ ಎಂಬುದು ನನ್ನ ಲೆಕ್ಕವಾಗಿತ್ತು. ಅವಳೂ ಒಂದು ವರ್ಷ ಹಾಗೇ ತಿಳಿದಿದ್ದಳೋ ಏನೋ. ಈಗ ನಿಮ್ಮ ಮೀನು ಬಂತು.

ನಿಮ್ಮನ್ನು ದೂರುವುದಿಲ್ಲ. ಒಂದನ್ನು ನಡೆಸಿಕೊಡಿ. ನೀವು ಹೇಳಬೇಡಿ. ದೀಪಾವಳಿಗೆ ನಾನು ಬಂದು ನನ್ನ ಬಾಯಿಂದಲೇ ಹೇಳುತ್ತೇನೆ. ಮೋಹಿನಿಗೂ ಸುಮ್ಮನಿರಲು ಹೇಳಿದ್ದೇನೆ.

ಚೆನ್ನಯ


ವಿಲೆ ಪಾರ್ಲೆ
20 ಆಗಸ್ಟ್ 2025

ಚೆನ್ನಯಣ್ಣನವರಿಗೆ,

ಏನು ಬರೆಯಲಿ? ಆ ಪಾರ್ಸೆಲ್ ಕಟ್ಟುವಾಗ ನಾನು ಹಾಡು ಗುನುಗುತ್ತಿದ್ದೆ. ಅದು ನೆನಪಾದಾಗಲೆಲ್ಲ ನನ್ನ ಕೈಯನ್ನು ನಾನೇ ಕಡಿದುಕೊಳ್ಳಬೇಕು ಅನ್ನಿಸುತ್ತದೆ. ಕ್ಷಮಿಸಿ ಎಂಬ ಮಾತು ಇದಕ್ಕೆ ಸಾಲದು, ಆದರೂ ಕ್ಷಮಿಸಿ.

ನಮ್ಮಲ್ಲಿಯೂ ಮಣ್ಣಿಗೆ ಒಯ್ಯುವ ಮೊದಲು ಮುಖ ತೋರಿಸುತ್ತಾರೆ. ನನ್ನ ಅಬ್ಬಾ ಹೋದಾಗ ನಾನು ಬಸ್ಸಿನಲ್ಲಿದ್ದೆ. ನಾನು ಬರುವ ತನಕ ಕಾದರು. ನೋಡಿದ ಮೇಲೆಯೇ ಅಳು ಬಂತು. ಅದಕ್ಕೇ ಹೇಳುತ್ತೇನೆ, ಅವಳು ಮುಖ ಕೇಳಿದ್ದು ಹಠವಲ್ಲ.

ನಾನು ಹೇಳುವುದಿಲ್ಲ, ಮಾತು ಕೊಡುತ್ತೇನೆ. ಆದರೆ ಇದು ನುಂಗಲಾರದ ತುತ್ತು. ದಿನಾ ಅವಳು ಮೊದಲ ಬೆಂಚಿನಲ್ಲಿ ಕುಳಿತು ನನ್ನನ್ನೇ ನೋಡುತ್ತಾಳೆ. ಟ್ರೇಯಲ್ಲಿ ಮರಳು ತುಂಬಿ, ದಾರ ಕಟ್ಟಿ ಚೌಕ ಮಾಡಿ, ಬ್ರಷ್ಷಿನಿಂದ ಪದರ ಪದರವಾಗಿ ಬಿಡಿಸುವುದನ್ನು ನಿಮ್ಮ ಕಾಗದ ಬರುವ ಮೊದಲೇ ಕಲಿಸಿಬಿಟ್ಟಿದ್ದೆ. ಅವಳಷ್ಟು ನಾಜೂಕಾಗಿ ಯಾರೂ ಮಾಡಲಿಲ್ಲ. ಈಗ ಟ್ರೇಯನ್ನು ಕಪಾಟಿನ ಮೇಲೆ ಹಾಕಿದ್ದೇನೆ. ‘ಯಾಕೆ ಟೀಚರ್?’ ಅಂತಾಳೆ. ‘ಪರೀಕ್ಷೆ ಬಂತು’ ಅಂತೇನೆ.

ದೀಪಾವಳಿಗೆ ಕಾಯಬೇಡಿ. ಬೇಗ ಬನ್ನಿ.

ಗುಲಾಫಶಾ


ಪಡುಬಿದ್ರಿ
6 ಅಕ್ಟೋಬರ್ 2025

ಟೀಚರಿಗೆ ನಮಸ್ಕಾರ.

ಕಾಗದ ತಲುಪಿತ್ತು. ಉತ್ತರ ತಡವಾಯಿತು. ಈಗ ಕೇಟರಿಂಗಿನವರ ಒಟ್ಟಿಗೆ ಅಡುಗೆಗೆ ಹೋಗುತ್ತೇನೆ. ದೀಪಾವಳಿಯ ಸಮಯಕ್ಕೆ ಎರಡು ಗೃಹಪ್ರವೇಶ, ಒಂದು ನಿಶ್ಚಿತಾರ್ಥ ಒಪ್ಪಿಕೊಂಡಿದ್ದಾರೆ, ಬಿಡುವ ಹಾಗಿಲ್ಲ. ಕಿವಿಯ ಡಾಕ್ಟರೂ ಬರಲು ಹೇಳಿದ್ದಾರೆ. ಯಕ್ಷಿತಾಳಿಗೆ ಬಟ್ಟೆ ಕಳಿಸಿದ್ದೇನೆ.

ಮಗು ಈಗ ಮಾತಾಡುತ್ತಾಳೆ, ನಗುತ್ತಾಳೆ ಎಂದು ಮೋಹಿನಿ ಬರೆದಿದ್ದಾಳೆ. ನಗುವ ಮಗುವಿನ ಎದುರು ಹೋಗಿ ನಿಲ್ಲಲು ಧೈರ್ಯ ಸಾಲುವುದಿಲ್ಲ. ಪರೀಕ್ಷೆ ಮುಗಿಯಲಿ. ಬೇಸಗೆಯಲ್ಲಿ ನೋಡೋಣ.

ಚೆನ್ನಯ


ವಿಲೆ ಪಾರ್ಲೆ
17 ನವೆಂಬರ್ 2025

ಚೆನ್ನಯಣ್ಣ,

ಬೇಸಗೆ ತನಕ ಕಾಯಲು ನಿಮ್ಮ ಮಗಳು ಒಪ್ಪಲಿಲ್ಲ.

ಮೊನ್ನೆ ಶನಿವಾರ ಯಕ್ಷಿತಾ ಶಾಲೆಗೆ ಬರಲಿಲ್ಲ. ಹನ್ನೊಂದರ ಸುಮಾರಿಗೆ ಶಾಲೆಗೆ ಫೋನ್ ಬಂತು. ನಿಮ್ಮ ಚಾಳ್ ಇದ್ದ ಜಾಗದ ವಾಚ್‌ಮನ್, ಆ ದಿನ ಅನುಮಾನ ಬಂದು ಅವಳ ಐಡಿ ಕಾರ್ಡ್ ನೋಡಿ ಮಾಡಿದ್ದ. ಮೋಹಿನಿಯವರು ಕೆಲಸದಲ್ಲಿದ್ದರು. ನಾನೇ ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡಿಗೆ ಹೋದೆ. ಸುತ್ತ ತಗಡು ಹಾಕಿದ್ದಾರೆ, ಒಳಗೆ ಹುಲ್ಲು ಬೆಳೆದಿದೆ. ‘ಮೇಡಮ್, ಯೇ ಬಚ್ಚೀ ಹರ್ ಶನಿವಾರ್ ಆತೀ ಹೈ. ಮೈಂ ಸಮ್ಝಾ ಸ್ಕೂಲ್ ಕಾ ಪ್ರಾಜೆಕ್ಟ್ ಹೈ’ ಅಂದ. ಪ್ರತಿ ಶನಿವಾರ ಬರುತ್ತಿದ್ದಳಂತೆ, ಶಾಲೆಯ ಕೆಲಸವೆಂದು ಅವನು ತಿಳಿದಿದ್ದನಂತೆ. ಆ ಶನಿವಾರಗಳಿಗೆಲ್ಲ ಜ್ವರ, ಹೊಟ್ಟೆನೋವು ಎಂದು ಅವಳು ಚೀಟಿ ತಂದಿದ್ದಳು, ನಾನು ನಂಬಿದ್ದೆ.

ನಾಲ್ಕು ಕಡ್ಡಿ ನೆಟ್ಟು, ದಾರ ಕಟ್ಟಿ, ಚೌಕ ಮಾಡಿಕೊಂಡಿದ್ದಳು. ಪಕ್ಕದಲ್ಲಿ ಸ್ಟೀಲ್ ಚಮಚ, ಬ್ರಷ್. ನಾನು ಕಲಿಸಿದ್ದರಲ್ಲಿ ಒಂದನ್ನೂ ತಪ್ಪಿರಲಿಲ್ಲ. ಅಗೆದದ್ದು ಒಂದು ಗೇಣು ಮಾತ್ರ, ಸಿಕ್ಕಿದ್ದು ಹಂಚಿನ ಚೂರು ಮತ್ತು ಯಾರದೋ ಅಂಗಿಯ ಗುಂಡಿ. ನನ್ನನ್ನು ನೋಡಿ ಓಡಲಿಲ್ಲ, ಕೂತೇ ಇದ್ದಳು. ನಾನೂ ಮಣ್ಣಿನಲ್ಲಿ ಕುಳಿತೆ. ನಡೆದ ಮಾತು ಇಷ್ಟು, ಒಂದಕ್ಷರವೂ ಬಿಡದೆ ಬರೆಯುತ್ತೇನೆ.

‘ಟೀಚರ್, ಸಿಗ್ಲಿಲ್ಲ ಅಂತ ಹೇಳ್ಬೇಕಾದ್ರೆ ಮೊದ್ಲು ಹುಡುಕಿರ್ಬೇಕು ಅಲ್ವಾ? ಹುಡುಕದೇ ಇದ್ರೆ ಗೊತ್ತಿಲ್ಲ ಅಂತ ಮಾತ್ರ ಹೇಳ್ಬಹುದು. ನೀವೇ ಹೇಳಿದ್ದು.’

‘ಹೌದು.’

‘ಅಪ್ಪ ಇಲ್ಲೇ ನಿಂತಿದ್ರು. ಕಿವಿಯಿಂದ ರಕ್ತ ಬರ್ತಿತ್ತು, ಆದ್ರೂ ಜಾಗ ಬಿಡ್ಲಿಲ್ಲ ಅಂತ ಅತ್ತೆ ಹೇಳ್ತಾರೆ. ಮತ್ತೆ ಮೂರನೇ ದಿನ ಒಮ್ಮೆಲೇ ಬಂದ್ ಮಾಡಿದ್ರು. ಊರಿಗೇ ಹೋದ್ರು. ನನ್ನ ಟಿಫಿನ್ ಡಬ್ಬ ಕಳೆದು ಹೋದ್ರೆ ಸಹ ಅಪ್ಪ ಇಡೀ ಸ್ಟೇಷನ್ ಹುಡುಕ್ತಿದ್ರು ಟೀಚರ್. ಅಮ್ಮನನ್ನು ಹುಡುಕೋದು ಯಾಕೆ ಬಿಟ್ರು?’

ಚಮಚದ ಮಣ್ಣು ಒರೆಸಿ ಪಕ್ಕಕ್ಕಿಟ್ಟಳು.

‘ಸಿಕ್ಕಿದ್ಳು, ಅಲ್ವಾ?’

ಮಾತಿಗೆ ತಪ್ಪಬಾರದು, ಮಗುವಿಗೆ ಸುಳ್ಳು ಹೇಳಬಾರದು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗೆ. ‘ಅಪ್ಪನನ್ನು ಕೇಳು, ಯಕ್ಷಿತಾ’ ಅಂದೆ. ಅಷ್ಟೇ ಅಂದದ್ದು. ಅವಳು ತಲೆಯಾಡಿಸಿದಳು. ಅಳಲಿಲ್ಲ. ಕಡ್ಡಿಗಳನ್ನು ಕಿತ್ತು, ದಾರವನ್ನು ಬೆರಳಿಗೆ ಸುತ್ತಿ, ತೋಡಿದ ಮಣ್ಣನ್ನು ಕೈಯಿಂದ ವಾಪಸು ತುಂಬಿದಳು.

ಇವತ್ತು ಹಾಜರಿ ಕೂಗಿದೆ. ಕೈ ಎತ್ತಿದಳು. ಮತ್ತೆ ಜೂನ್ ತಿಂಗಳಿಗೆ ಹೋಗಿಬಿಟ್ಟಿದ್ದಾಳೆ, ಅಣ್ಣ. ಅವಳಿಗೆ ಗೊತ್ತಾಗಿದೆ, ಆದರೆ ಯಾರೂ ಹೇಳಿಲ್ಲ. ಇದಕ್ಕಿಂತ ಕೆಟ್ಟದ್ದು ಇದೆಯೇ? ಗೃಹಪ್ರವೇಶದ ಪಾಯಸ ಯಾರಾದರೂ ಮಾಡುತ್ತಾರೆ. ನೀವು ಬನ್ನಿ.

ಗುಲಾಫಶಾ


ಪಡುಬಿದ್ರಿ
24 ನವೆಂಬರ್ 2025

ಟೀಚರ್,

ಗುರುವಾರದ ಗಾಡಿಗೆ ಹೊರಡುತ್ತೇನೆ. ಆ ಅಚ್ಚನ್ನು ತರುತ್ತೇನೆ. ಅಟ್ಟದ ಮೇಲೆ ಹಾಕಿದ್ದೆ, ಇವತ್ತು ಇಳಿಸಿದೆ. ಅವಳು ಮುಖ ಕೇಳಿದರೆ ನನ್ನಲ್ಲಿ ಇಲ್ಲ. ಯಾವುದನ್ನು ನೋಡಿ ಗುರುತು ಹಿಡಿದೆನೋ ಅದನ್ನು ತೋರಿಸುತ್ತೇನೆ. ಬೇರೆ ದಾರಿ ನನಗೆ ತೋಚುವುದಿಲ್ಲ.

ಚೆನ್ನಯ


ಪಡುಬಿದ್ರಿ
24 ಡಿಸೆಂಬರ್ 2025

ಗುಲಾಫಶಾ ಟೀಚರಿಗೆ,

ಮೊನ್ನೆ ಊರಿಗೆ ಮುಟ್ಟಿದೆ. ಬಂದಾಗ ಒಮ್ಮೆ ಶಾಲೆಯ ಗೇಟಿನಲ್ಲಿ ನಿಮ್ಮನ್ನು ಕಂಡು ಕೈ ಮುಗಿದದ್ದು ಬಿಟ್ಟರೆ ಮಾತಾಡಲಾಗಲಿಲ್ಲ. ನಿಮಗೆ ಎಲ್ಲ ತಿಳಿಸಬೇಕು.

ತಲುಪಿದ ದಿನವೇ ಮೋಹಿನಿಯ ಅಡುಗೆಮನೆಯಲ್ಲಿ ಅವಳನ್ನು ಕೂರಿಸಿಕೊಂಡು ಅಚ್ಚನ್ನು ನೆಲದ ಮೇಲೆ ಇಟ್ಟೆ. ‘ಅಮ್ಮ ಮೂರನೇ ದಿನ ಸಿಕ್ಕಿದ್ಳು ಮಗಾ. ಈ ಬೆರಳು ನೋಡಿ ಗೊತ್ತಾಯ್ತು. ಮುಖ ನಾನೂ ನೋಡ್ಲಿಲ್ಲ’ ಅಂದೆ. ನನ್ನ ದನಿ ನನಗೇ ಕೇಳಿಸುವುದಿಲ್ಲ, ಗಟ್ಟಿಯಾಗಿ ಹೇಳಿದೆನೋ ಮೆಲ್ಲಗೆ ಹೇಳಿದೆನೋ. ಅವಳು ತನ್ನ ಬಲಗಾಲನ್ನು ಅಚ್ಚಿನ ಪಕ್ಕ ಇಟ್ಟು ನೋಡಿದಳು. ಆ ಕಾಲು ಈಗ ಅಚ್ಚಿಗಿಂತ ದೊಡ್ಡದಾಗಿದೆ. ಆಮೇಲೆ ನನ್ನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಗುದ್ದುತ್ತಾ ಏನೇನೋ ಹೇಳಿದಳು. ಪಾಟಿ ಪಕ್ಕದಲ್ಲೇ ಇತ್ತು, ಬರೆಯಲಿಲ್ಲ. ತುಟಿ ನೋಡಿದರೆ ಅರ್ಧ ಅರ್ಥವಾಗುತ್ತಿತ್ತು, ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟು ಹೇಡಿ ನಾನು.

ಮೂರು ವಾರ ಮಾತಿಲ್ಲ. ನಾನು ಬಡಿಸಿದ್ದನ್ನು ಉಂಡಳು, ಶಾಲೆಗೆ ಹೋದಳು, ಬಂದಳು. ಹೊರಡಲು ಟಿಕೆಟ್ ಮಾಡಿಸಿದ್ದೆ. ಅಮಾವಾಸ್ಯೆಯ ಬೆಳಿಗ್ಗೆ ಪಾಟಿ ತಂದು ನನ್ನ ಮುಂದೆ ಹಿಡಿದಳು. ‘ಅಮ್ಮನಿಗೆ ಎಲೆ ಹಾಕುವ’ ಎಂದು ಬರೆದಿತ್ತು.

ಬಂಗುಡೆ ತಂದೆ, ವಾರಿಜಳಿಗೆ ಬಂಗುಡೆ ಅಂದರೆ ಪ್ರಾಣ. ಯಕ್ಷಿತಾಳೇ ಬಡಿಸಿದಳು. ನೀರು ಇಟ್ಟಳು. ಬಡಿಸಿದ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಕ್ರಮ, ಹೋದವರು ಬಂದು ಉಣ್ಣಲಿ ಎಂದು. ಮೋಹಿನಿಯ ಚಾಳಿನ ಗ್ಯಾಲರಿಯಲ್ಲಿ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆಯಲು ಮೋಹಿನಿ ಹೊರಟಳು. ಯಕ್ಷಿತಾ ಅವಳನ್ನು ತಡೆದು, ತಾನೇ ಮುಂದೆ ಹೋಗಿ ಬಾಗಿಲು ತಟ್ಟಿದಳು. ತಟ್ಟಿ, ಬಾಗಿಲಿಗೆ ಬಾಯಿ ಹಚ್ಚಿ ಏನೋ ಹೇಳಿದಳು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ, ಆದರೆ ಅವಳ ಬೆನ್ನು ನನ್ನ ಕಡೆಗಿತ್ತು. ಮೋಹಿನಿ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಹೋದಳು. ಎಂತ ಹೇಳಿದ್ದೆಂದು ಬರೆದು ತೋರಿಸಲು ಕೇಳಿದೆ, ಮೋಹಿನಿಯೂ ಹೇಳಲಿಲ್ಲ.

ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ತಿಳಿಯದು. ಕೇಳುವ ಹಕ್ಕೂ ಇಲ್ಲ. ಬಾಗಿಲಲ್ಲಿ ಏನು ಹೇಳಿದಳು ಎಂಬುದನ್ನು ಮಾತ್ರ, ನಿಮಗೆ ಹೇಳುವುದಾದರೆ, ಕೇಳಿ ತಿಳಿಸಿ.

ಚೆನ್ನಯ


ವಿಲೆ ಪಾರ್ಲೆ
5 ಜನವರಿ 2026

ಚೆನ್ನಯಣ್ಣ,

ಕೇಳಿದೆ. ಮೊದಲ ದಿನ ಹೇಳಲಿಲ್ಲ. ಎರಡನೆಯ ದಿನವೂ ಇಲ್ಲ. ಇವತ್ತು ಊಟದ ಬಿಡುವಿನಲ್ಲಿ ತಾನಾಗಿ ನನ್ನ ಮೇಜಿನ ಬಳಿ ಬಂದಳು. ‘ಅಪ್ಪನಿಗೆ ಬರೆಯಿರಿ ಟೀಚರ್. ನಾನೇ ಬರೆದ್ರೆ ಅಳು ಬರ್ತದೆ’ ಎಂದಳು.

ದಿನಾ ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲು ಬಾಗಿಲು ತಟ್ಟಿ ಅವಳು ಕೇಳುತ್ತಿದ್ದ ಮಾತೇ ಅಂತೆ. ನಿಮ್ಮ ತುಳುವಿನಲ್ಲಿ ನನಗೆ ಹೇಳಿಕೊಟ್ಟಳು, ಅವಳು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

‘ಅಮ್ಮಾ, ಒಣಸ್ ಆಂಡಾ?’

ಊಟ ಆಯ್ತಾ ಎಂದು.

ಅಮ್ಮ ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತು, ಆಮೇಲೆ ಬಾಗಿಲು ತೆಗೆದಳಂತೆ.

ಗುಲಾಫಶಾ